ಅಪ್ಪನ ಟೇಬಲ್ಲು, ಅಕ್ಕನ ಅಂಕಿ

ನನ್ನ ಬಣ್ಣದ ಪೆಟ್ಟಿಗೆಯಲ್ಲಿ ಬಣ್ಣವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಹೋದ ತಿಂಗಳು ಅದನ್ನು ಹಳೆಯ ಪೇಪರಿನ ಮೇಲೆ ಕವುಚಿದೆ. ಒಣಗಿ ಕಲ್ಲಾದ ಏಳೆಂಟು ಟ್ಯೂಬುಗಳು ಉರುಳಿದವು; ಅವನ್ನು ಬಣ್ಣ ಎಂದು ಕರೆಯಲು ಧೈರ್ಯ ಬೇಕು. ಕೂದಲುದುರಿದ ಎರಡು ಕುಂಚ, ಒಂದು ಪಿನ್ನು, ಅಮರಾಪುರಕ್ಕೆ ಯಾವಾಗಲೋ ಹೋಗಿಬಂದ ಬಸ್ ಟಿಕೆಟು, ಯಾರದೋ ಮದುವೆಯಲ್ಲಿ ಕೊಟ್ಟ ಅಡಿಕೆ ಪೊಟ್ಟಣ. ಕೊನೆಗೆ ಪೆಟ್ಟಿಗೆಯ ಬುಡಕ್ಕೆ ಒಂದು ಪೆಟ್ಟು ಕೊಟ್ಟಾಗ ಟಪ್ಪೆಂದು ಬಿದ್ದದ್ದು ಮೂರು ಮೂಲೆಯ ಒಂದು ಚಪ್ಪಟೆ ಬಳಪ. ದರ್ಜಿಗಳು ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರಲ್ಲ, ಅದು. ಒಂದು ಮೂಲೆ ಸವೆದು ದುಂಡಗಾಗಿತ್ತು.

ಇದು ಇಲ್ಲಿಗೆ ಹೇಗೆ ಬಂತು ಎಂದು ಒಂದು ಕ್ಷಣ ನಾನು ಆಶ್ಚರ್ಯಪಟ್ಟೆ. ಆಶ್ಚರ್ಯಪಟ್ಟಂತೆ ನಟಿಸಿದೆ ಎಂದರೆ ಸರಿ. ಕೋಣೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಯಾರೂ ಇಲ್ಲದಾಗಲೂ ನಟಿಸುವಷ್ಟು ಅಭ್ಯಾಸ ನನಗಾಗಿದೆ.

ಪೆಟ್ಟಿಗೆ ಹೊರತೆಗೆಯಲು ಕಾರಣ ನನ್ನ ಹೆಂಡತಿ ರತ್ನ. ಮಡಕಶಿರದಲ್ಲಿ ನಾವಿರುವ ಮನೆಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಅಲ್ಲಿ ಕಡಲೆಕಾಯಿ ಚೀಲ, ಮುರಿದ ಫ್ಯಾನು, ನಾನು ಓದಿ ಮುಗಿಸದ ಪುಸ್ತಕಗಳು ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. ಕಾಲೇಜಿನಲ್ಲಿ ಪಾಠ ಹೇಳಿ ಬಂದು ಸಂಜೆ ಸುಮ್ಮನೆ ಹಜಾರದಲ್ಲಿ ಆ ಕಡೆಯಿಂದ ಈ ಕಡೆ ಓಡಾಡುವ ನನ್ನನ್ನು ನೋಡಿ ನೋಡಿ ರತ್ನನಿಗೆ ಸಾಕಾಗಿತ್ತು.

"ಏನ್ರೀ, ಕಾಲು ಸುಟ್ಟ ಬೆಕ್ಕಿನಂಗೆ ಸುತ್ತಾಡ್ತೀರಲ್ಲ, ಮೇಲ್ಗಡೆ ರೂಮು ಖಾಲಿ ಮಾಡ್ಕಂಡು ಚಿತ್ರನಾದ್ರೂ ಬರೀರಿ. ಮದ್ವೆ ಆದಾಗಿಂದ ಹೇಳ್ತಾನೇ ಇದೀರ, ನಾನು ಚಿತ್ರಗಾರ ಆಗ್ಬೇಕಿತ್ತು ಅಂತ."

"ಅದಕ್ಕೆ ಸರಿಯಾದ ಜಾಗ ಬೇಕು ಕಣೇ" ಎಂದೆ.

"ನಮ್ಮಪ್ಪ ರೇಷ್ಮೆ ಹುಳಕ್ಕೆ ಅಂತ ಮನೇಲಿದ್ದ ಒಳ್ಳೇ ಕೋಣೆ ಬಿಟ್ಕೊಟ್ಟು ನಾವೆಲ್ಲ ಹಟ್ಟೀಲಿ ಮಲಗ್ತಿದ್ವಿ. ನಿಮಗೊಂದು ಕೋಣೆ ಬಿಟ್ಟುಕೊಡೋದೇನು ದೊಡ್ಡದಲ್ಲ. ಆದ್ರೆ ಹುಳ ಗೂಡಾದ್ರೂ ಕಟ್ಟೋವು."

ರತ್ನನ ತವರು ಅಮರಾಪುರ. ಆ ಕಡೆಯವರ ಮಾತು ಹೀಗೆಯೇ. ಮೊದಲು ರಾಗಿ ಮುದ್ದೆಯಷ್ಟು ಮೆತ್ತಗೆ ಬರುತ್ತದೆ, ನುಂಗಿದ ಮೇಲೆ ಬಿಸಿ ಗೊತ್ತಾಗುತ್ತದೆ.

ಹೀಗೆ ಕೋಣೆ ಖಾಲಿಯಾಯಿತು. ಚೀಲಗಳು ಹೋದ ಮೇಲೆ ಅವುಗಳ ಕೆಳಗಿದ್ದ ಟೇಬಲ್ಲು ಕಾಣಿಸಿತು. ಅವ್ವ ತೀರಿಕೊಂಡ ಮೇಲೆ ರಾಯದುರ್ಗದ ಮನೆಯಿಂದ ಲಾರಿಯಲ್ಲಿ ತಂದದ್ದು. ಅಪ್ಪನ ಕಟಿಂಗ್ ಟೇಬಲ್ಲು. ಅಪ್ಪ ದರ್ಜಿ, ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದವರು. ನಿಂತೇ ಬಟ್ಟೆ ಕತ್ತರಿಸಲು ಸೊಂಟದೆತ್ತರ ಮಾಡಿಸಿದ, ಇಬ್ಬರು ಮಲಗಬಹುದಾದಷ್ಟು ಉದ್ದದ ಬೇವಿನ ಮರದ ಟೇಬಲ್ಲು. ಅದರ ಅಂಚಿನ ಸಂದಿಗಳಲ್ಲಿ ಇನ್ನೂ ನೀಲಿ ಬಟ್ಟೆಯ ಜುಂಗು ಕೂತಿತ್ತು. ಪಿನ್ನಿನಿಂದ ಎಬ್ಬಿಸಿದರೆ ಹುಳದ ಹಾಗೆ ಎದ್ದು ಬರುತ್ತಿತ್ತು.

ಆ ನೀಲಿಯ ಬಗ್ಗೆ ಒಂದಿಷ್ಟು ಹೇಳಬೇಕು. ರಾಯದುರ್ಗದಲ್ಲಿ ನಮ್ಮ ಓಣಿಯವರೆಲ್ಲ ಜೀನ್ಸ್ ಹೊಲಿಯುತ್ತಿದ್ದ ಕಾಲ ಅದು. ಮನೆಮನೆಯಲ್ಲೂ ಮಿಷನ್ನು, ಮಿಷನ್ನಿನ ಮುಂದೆ ಹೆಂಗಸು, ಹೆಂಗಸಿನ ಮಡಿಲಲ್ಲಿ ಯಾರದೋ ಪ್ಯಾಂಟು. ಆ ಬಟ್ಟೆಯ ಜುಂಗು ಗಾಳಿಯಲ್ಲಿ ತೇಲಿ ಮೂಗಿಗೆ, ಅನ್ನಕ್ಕೆ, ದೇವರ ಪಟಕ್ಕೆ ಕೂರುತ್ತಿತ್ತು. ಸೀನಿದರೆ ನೀಲಿ. ಹೆಂಗಸರ ಬೆರಳುಗಳಂತೂ ಎಷ್ಟು ತೊಳೆದರೂ ನೀಲಿಯೇ. ಅರಿಶಿನ ಹಚ್ಚಿಕೊಂಡ ದಿನ ಹಸಿರಾಗುತ್ತಿದ್ದವು. ಓಣಿಯ ಮದುವೆಗಳಲ್ಲಿ ಮದುಮಗಳ ಕೈ ಹಸಿರಾಗಿದ್ದುದನ್ನು ನಾನು ನೋಡಿದ್ದೇನೆ ಎಂದು ಒಮ್ಮೆ ಕಾಲೇಜಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕರು. ಆಮೇಲೆ ನನಗೇ ಅನುಮಾನ ಬಂತು. ನೋಡಿದ್ದೆನೋ, ಚೆನ್ನಾಗಿರುತ್ತದೆ ಎಂದು ನಾನೇ ಸೇರಿಸಿಕೊಂಡೆನೋ.

ಈ ಅನುಮಾನ ನನ್ನ ವಿದ್ಯೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸು, ನೆನಪಿದೆ ಎನ್ನುವವನನ್ನು ಆಮೇಲೂ ಅನುಮಾನಿಸು ಎಂದು ಎರಡು ವರ್ಷ ಕಲಿತು ಬಂದೆ. ಕಲಿತ ವಿದ್ಯೆ ನನಗೆ ಬೇರೆ ಯಾವುದಕ್ಕೂ ಅಷ್ಟಾಗಿ ಒದಗಲಿಲ್ಲ. ಒಂದು ಸಂಗತಿಯನ್ನು ಮಾತ್ರ ಇಪ್ಪತ್ತು ವರ್ಷ ಮುಚ್ಚಿಟ್ಟುಕೊಳ್ಳಲು ಬಹಳ ಒದಗಿತು. ಆ ಟೇಬಲ್ಲು ಕಿಟಕಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ನಾನು ಗಂಟೆಗಟ್ಟಲೆ ಯೋಚಿಸಬಲ್ಲೆ. ಹಾಗೆ ಯೋಚಿಸುತ್ತಾ ಕೂತರೆ ಅದರ ಮೇಲೆ ಏನಾಯಿತು ಎಂಬುದರ ತನಕ ಹೋಗುವುದು ತಪ್ಪುತ್ತದೆ.

ಇವತ್ತು ಹೋಗುತ್ತೇನೆ. ನೀವು ಜೊತೆಗಿದ್ದೀರಲ್ಲ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ರಾಯದುರ್ಗಕ್ಕೆ ಬಂದೆ. ಬರುವಾಗ ಬಣ್ಣದ ಪೆಟ್ಟಿಗೆ ತಂದಿದ್ದೆ. ವಿಶ್ವವಿದ್ಯಾಲಯದ ಊರಿನಲ್ಲಿ ಒಬ್ಬ ಮೇಷ್ಟ್ರು ಭಾನುವಾರ ಚಿತ್ರ ಕಲಿಸುತ್ತಿದ್ದರು. ನಾಲ್ಕು ತಿಂಗಳು ಹೋಗಿದ್ದೆ. ಒಂದು ದಿನ ಅವರು ನನ್ನ ಹಾಳೆಯನ್ನು ನೋಡಿ, "ನಿನಗೆ ಬಣ್ಣ ನೋಡೋ ಕಣ್ಣಿದೆ" ಎಂದರು. ಕೈ ಇಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು ಎಂದು ಈಗ ತೋರುತ್ತದೆ. ಆಗ ಮಾತ್ರ ಆ ಮಾತನ್ನು ಪದಕದ ಹಾಗೆ ಎದೆಗೆ ಹಾಕಿಕೊಂಡು ಬಸ್ಸು ಹತ್ತಿದ್ದೆ.

ಮನೆಯಲ್ಲಿ ಅವ್ವ ಮತ್ತು ಅಕ್ಕ. ಅಕ್ಕನ ಹೆಸರು ತಿಪ್ಪಮ್ಮ. ನನಗಿಂತ ಐದು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೆ ಸಾಲೆ ಬಿಟ್ಟು ಅಪ್ಪನ ಪಕ್ಕ ನಿಂತವಳು, ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತಳು. ಆದರೆ ಓಣಿಯಲ್ಲಿ ಅವಳಿಗಿದ್ದ ಹೆಸರು ಹೊಲಿಗೆಯಿಂದ ಬಂದದ್ದಲ್ಲ, ನಂಬರು ಹಾಕುವುದರಿಂದ ಬಂದದ್ದು.

ಅದು ಹೀಗೆ. ಪ್ಯಾಂಟಿನ ಬಟ್ಟೆಯನ್ನು ಹತ್ತಾರು ಪದರ ಒಂದರ ಮೇಲೊಂದು ಹಾಸಿ ಒಂದೇ ಸಲಕ್ಕೆ ಕತ್ತರಿಸುತ್ತಾರೆ. ಪದರಗಳು ಬೇರೆಬೇರೆ ತಾನಿನವು, ಅಂದರೆ ಬೇರೆಬೇರೆ ಬಟ್ಟೆಯ ಸುರುಳಿಯವು. ಹೊಲಿಯುವಾಗ ಎಲ್ಲವೂ ಒಂದೇ ಕಡುನೀಲಿಯಾಗಿ ಕಾಣುತ್ತವೆ. ಬಳ್ಳಾರಿಗೆ ಹೋಗಿ ಒಗೆಸಿಕೊಂಡು ಬಂದ ಮೇಲೆ ಒಂದು ತಾನಿನ ನೀಲಿಯೇ ಬೇರೆ, ಇನ್ನೊಂದರ ನೀಲಿಯೇ ಬೇರೆ. ಅದಕ್ಕೇ ಒಂದು ಪ್ಯಾಂಟಿನ ನಾಲ್ಕು ತುಂಡೂ, ಹಿಂದಿನ ಎರಡು ಮುಂದಿನ ಎರಡು, ಒಂದೇ ಪದರದವಾಗಿರಬೇಕು. ಪ್ರತಿ ತುಂಡಿನ ಒಳಮೈಗೂ ಬಳಪದಲ್ಲಿ ಪದರದ ನಂಬರು ಬರೆಯುತ್ತಾರೆ. ಏಳಕ್ಕೆ ಏಳು, ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು. ಹೊಲಿಯುವವರು ನಂಬರು ನೋಡಿ ಜೋಡಿಸುತ್ತಾರೆ, ಬಣ್ಣವನ್ನು ಯಾರೂ ನೋಡುವುದಿಲ್ಲ, ನೋಡಿದರೂ ಕಾಣುವುದಿಲ್ಲ.

ಕತ್ತರಿಸಿದ ಮಾಲು ನಮ್ಮ ಮನೆಗೆ ಬರುತ್ತಿತ್ತು. ಅಕ್ಕ ಅಪ್ಪನ ಟೇಬಲ್ಲಿನ ಮುಂದೆ ನಿಂತು ನಂಬರು ಹಾಕಿ, ಕಟ್ಟು ಕಟ್ಟಿ, ಓಣಿಯ ಹತ್ತು ಮನೆಗೆ ಹಂಚುತ್ತಿದ್ದಳು. ಮಾಲು ತರುತ್ತಿದ್ದ ಮೇಸ್ತ್ರಿ ಓಬಳೇಶಪ್ಪ ಎಲ್ಲರ ಕಟ್ಟನ್ನೂ ಬಿಚ್ಚಿ ನೋಡುವವನು. ಅವಳದನ್ನು ಮಾತ್ರ ಬಿಚ್ಚುತ್ತಿರಲಿಲ್ಲ. "ತಿಪ್ಪಮ್ಮನ ಕೈ ದಾಟಿ ಬಂದದ್ದನ್ನ ನಾನು ತಿರುವಿ ನೋಡಂಗಿಲ್ಲ" ಎಂದು ಹತ್ತು ಜನರ ಮುಂದೆ ಹೇಳುತ್ತಿದ್ದ. ಅಕ್ಕ ಆಗ ತಲೆ ಎತ್ತುತ್ತಿರಲಿಲ್ಲ. ಬಳಪ ಮಾತ್ರ ಒಂದಿಷ್ಟು ಜೋರಾಗಿ ಓಡುತ್ತಿತ್ತು.

ಅವಳ ಅಂಕಿಗಳು ಚೆಂದ. ಏಳಿನ ಹೊಟ್ಟೆಗೆ ಒಂದು ಅಡ್ಡಗೆರೆ. ನಾಲ್ಕಕ್ಕೆ ಉದ್ದನೆಯ ಕಾಲು. ಒಂಬತ್ತಿನ ಬಾಲ ಎಡಕ್ಕೆ ಸುರುಳಿಯಾಗಿ ಹೋಗಿ ಇನ್ನೇನು ಮುಗಿಯಿತು ಎನ್ನುವಾಗ ಚೂರು ಮೇಲಕ್ಕೆ ಏಳುತ್ತಿತ್ತು, ಕರೆಯುತ್ತಿರುವ ಬೆರಳಿನ ಹಾಗೆ.

ನನಗೆ ಬೇಕಾದದ್ದು ಆ ಟೇಬಲ್ಲು ಮತ್ತು ಅದರ ಪಕ್ಕದ ಕಿಟಕಿ. ಕಲಾವಿದನ ಕೋಣೆಗೆ ಉತ್ತರದ ಬೆಳಕು ಬೇಕು, ಅದು ದಿನವಿಡೀ ಒಂದೇ ಹದದಲ್ಲಿರುತ್ತದೆ ಎಂದು ಎಲ್ಲೋ ಓದಿದ್ದೆ. ಮನೆಯಲ್ಲಿ ಉತ್ತರಕ್ಕೆ ಇದ್ದದ್ದು ಅದೊಂದೇ ಕಿಟಕಿ. ಅಕ್ಕನಿಗೆ ಇದನ್ನು ವಿವರಿಸಿದೆ. ಅವಳು ಕಿಟಕಿಯನ್ನೂ ನನ್ನನ್ನೂ ನೋಡಿದಳು.

"ಹೌದೇನೋ? ಇದು ಉತ್ತರಕ್ಕೈತಿ ಅಂತ ಇವತ್ತೇ ಗೊತ್ತಾತು ನೋಡು. ಇಷ್ಟು ವರ್ಷ ಬರೇ ಬೆಳಕು ಬರ್ತೈತಿ ಅಂತ ಮಾಡಿದ್ದೆ."

"ತಮಾಷೆ ಅಲ್ಲಕ್ಕ."

"ಸೋಮಾರ ತನಕ ತಡಿ ತಮ್ಮಾ. ಈ ಲಾಟಿನ ಮಾಲು ಹೋಗ್ಲಿ. ಆಮ್ಯಾಲ ಟೇಬಲ್ ನಿಂದ, ಕಿಟಕಿ ನಿಂದ. ನಾನು ಹಿಂದಿನ ಕೋಣ್ಯಾಗ ಹೆಂಗರ ಮಾಡ್ಕೋತೀನಿ."

ಹಿಂದಿನ ಕೋಣೆ ಎಂದರೆ ಹಗಲಲ್ಲೂ ಬಲ್ಬು ಬೇಕಾದ ಕೋಣೆ. ನನಗೆ ಆಗ ಅದು ಹೊಳೆಯಲೇ ಇಲ್ಲ. ಅವಳು ಒಪ್ಪಿದಳಲ್ಲ ಎಂದು ಬಡಗಿಯ ಹತ್ತಿರ ಓಡಿದೆ, ಚಿತ್ರದ ಹಲಗೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಮಾಡಿಸಲು. ನಾನು ಬರೆದುಕೊಟ್ಟ ನಕ್ಷೆಯನ್ನು ಬಡಗಿ ತಲೆಕೆಳಗು ಮಾಡಿ ನೋಡಿದ.

"ಸಾಲಿ ಬೋರ್ಡಿಗೇನ್ರಿ?"

"ಅಲ್ಲಪ್ಪ, ಮನೆಗೆ. ಚಿತ್ರ ಇಡಕ್ಕೆ."

"ಓ ಹೋ. ಹಂಗನ್ರಿ ಮತ್ತ." ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಯಾರು ಹೋದರ್ರಿ ಮನ್ಯಾಗ? ಹಾರ ಹಾಕಾಕ ಮ್ಯಾಲೊಂದು ಮೊಳಿ ಹೊಡೀಲೇನು?"

ಯಾರೂ ಹೋಗಿಲ್ಲ ಎಂದು ಅವನನ್ನು ನಂಬಿಸಲು ಒಂದು ಚಹಾ ಖರ್ಚಾಯಿತು. ಆದರೂ ಅವನು ಮೊಳೆ ಹೊಡೆದೇ ಕೊಟ್ಟ. ಆ ಮೊಳೆಯನ್ನು ನೆನಪಿಟ್ಟುಕೊಳ್ಳಿ.

ಸೋಮವಾರಕ್ಕೆ ಮೂರು ದಿನವಿತ್ತು. ಮರುದಿನ ಅವ್ವ ಮತ್ತು ಅಕ್ಕ ಬೊಮ್ಮನಹಾಳಿಗೆ ಮದುವೆಗೆ ಹೋದರು. ಅಕ್ಕ ಹೊರಡುವ ಮುಂಚೆ ಲಾಟಿಗೆಲ್ಲ ನಂಬರು ಹಾಕಿ ಮುಗಿಸಿ, ತುಂಡುಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ಬಂದ ಮೇಲೆ ಕಟ್ಟು ಕಟ್ಟುವುದು ಬಾಕಿ. "ಅದನ್ನ ಮುಟ್ಟಬ್ಯಾಡ" ಎಂದು ಹೇಳಿದಳೋ ಇಲ್ಲವೋ ನೆನಪಿಲ್ಲ. ಹೇಳಿರಲಿಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ಹೇಳುವ ಅಗತ್ಯವಿರಲಿಲ್ಲ ಎಂಬುದು ನಿಜವಿರಬೇಕು. ದರ್ಜಿಯ ಮಗನಿಗೆ ಅಷ್ಟೂ ಗೊತ್ತಿರಬೇಡವೇ.

ಬಸ್ಸು ಊರು ದಾಟಿರಲಿಕ್ಕಿಲ್ಲ, ನಾನು ನನ್ನ ಕೋಣೆಯನ್ನು ಕಟ್ಟಲು ಶುರುಮಾಡಿದೆ. ಜುಂಗು ಹಾರದಿರಲಿ ಎಂದು ನೆಲಕ್ಕೆ ನೀರು ಚಿಮುಕಿಸಿದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಗುಡಿಸುವುದು. ನಾನು ಚಿಮುಕಿಸಲಿಲ್ಲ, ಸುರಿದೆ. ಆಮೇಲೆ ಟೇಬಲ್ಲನ್ನು ಬೆಳಕಿಗೆ ಸರಿಯಾಗಿ ಓರೆ ಮಾಡೋಣವೆಂದು, ಮೇಲಿನ ಮಾಲನ್ನು ಎತ್ತಿಡುವ ತಾಳ್ಮೆಯಿಲ್ಲದೆ, ಹಾಗೇ ಎಳೆದೆ. ಒಂದು ಕಾಲು ನೆಲಹಾಸಿನ ಬಂಡೆಯ ಸಂದಿಗೆ ಸಿಕ್ಕಿ ಟೇಬಲ್ಲು ಅತ್ತ ವಾಲಿತು. ಅರ್ಧ ಲಾಟು ಜಾರಿ ಒದ್ದೆ ನೆಲಕ್ಕೆ ಬಿತ್ತು.

ಎತ್ತಿಕೊಂಡು ನೋಡಿದರೆ ಬಳಪ ಕರಗಿ ಬಿಳಿಯ ಕಲೆಯಾಗಿತ್ತು. ಕೆಲವಕ್ಕೆ ಅರ್ಧ ಅಂಕಿ, ಹಲವಕ್ಕೆ ಏನೂ ಇಲ್ಲ.

ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ರಾಯದುರ್ಗದ ಬಿಸಿಲು, ಒಂದು ಗಂಟೆಯಲ್ಲಿ ಒಣಗಿದವು. ಇಷ್ಟು ಹೊತ್ತಿಗೆ ನಾನು ಅಕ್ಕ ಬರುವ ತನಕ ಕಾಯುವುದೆಂದು ನಿರ್ಧರಿಸಬಹುದಿತ್ತು. ಬಂದವಳಿಗೆ ಬಿತ್ತು ಎಂದು ಹೇಳಬಹುದಿತ್ತು. ಅವಳು ಬೈದು, ಮೇಸ್ತ್ರಿಗೆ ಹೇಳಿ, ಕತ್ತರಿಸಿದವನನ್ನು ಕರೆಸಿ, ಏನೋ ಒಂದು ದಾರಿ ನೋಡುತ್ತಿದ್ದಳು. ಆದರೆ ನನಗೆ ಬಣ್ಣ ನೋಡುವ ಕಣ್ಣಿತ್ತಲ್ಲ! ಉತ್ತರದ ಕಿಟಕಿಯೂ ಇತ್ತು. ಒಂದೊಂದೇ ತುಂಡನ್ನು ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇದು ಇದರದ್ದು, ಅದು ಅದರದ್ದು ಎಂದು ಜೋಡಿಸಿದೆ. ಕಡುನೀಲಿಯಲ್ಲಿ ಎಷ್ಟು ಬಗೆ ಇದೆ ನೋಡು ಎಂದು ನನಗೆ ನಾನೇ ಬೆರಗಾದದ್ದೂ ನೆನಪಿದೆ. ಆಮೇಲೆ ಅಕ್ಕನ ಬಳಪ ತೆಗೆದುಕೊಂಡು ನಂಬರು ಬರೆದೆ.

ನನ್ನ ಕೈಯಲ್ಲಿ ಬರೆಯಲಿಲ್ಲ. ಅವಳ ಕೈಯಲ್ಲಿ ಬರೆದೆ. ಉಳಿದಿದ್ದ ಅಂಕಿಗಳನ್ನು ಎದುರಿಗಿಟ್ಟುಕೊಂಡು ಏಳಿನ ಅಡ್ಡಗೆರೆ, ನಾಲ್ಕರ ಉದ್ದ ಕಾಲು, ಒಂಬತ್ತಿನ ಮೇಲೇಳುವ ಬಾಲ, ಎಲ್ಲವನ್ನೂ ತಿದ್ದಿ ಕಲಿತೆ. ಹತ್ತಿಪ್ಪತ್ತು ತುಂಡಾದ ಮೇಲೆ ಕೈ ತಾನಾಗಿ ಓಡಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಚಿತ್ರಗಳಲ್ಲಿ ತಪ್ಪಿಲ್ಲದೆ ಬಂದದ್ದು ಅವು ಮಾತ್ರ.

ಮರುದಿನ ಅಕ್ಕ ಬಂದಳು. ಟೇಬಲ್ಲು ಓರೆಯಾಗಿತ್ತು, ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು, ಮಾಲೆಲ್ಲ ಹಿಂದಿನ ಕೋಣೆಯಲ್ಲಿ.

"ಸೋಮಾರ ಅಂದಿದ್ದೆನಲ್ಲೋ" ಎಂದಳು. ಮುಖ ಚಿಕ್ಕದಾಗಿತ್ತು. "ಜ್ವಾಪಾನ ಎತ್ತಿಟ್ಟೀಯಿಲ್ಲ?"

"ಹ್ಞೂಂ."

"ಸಾಲು ತಪ್ಪಿಲ್ಲಲ್ಲ?"

"ಇಲ್ಲಕ್ಕ."

ಮೇಲಿನ ಎರಡು ತುಂಡು ತಿರುವಿ ನೋಡಿದಳು. ತನ್ನದೇ ಅಂಕಿ. ಕಟ್ಟು ಕಟ್ಟಲು ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದಳು, "ತಮ್ಮಾ, ನನ್ನ ಬಳಪ ನೋಡಿದ್ಯೇನೋ?"

"ಇಲ್ವಲ್ಲ" ಎಂದೆ. ಅದು ನನ್ನ ಬಣ್ಣದ ಪೆಟ್ಟಿಗೆಯಲ್ಲಿತ್ತು.

ಎರಡು ವಾರ ಕಳೆಯಿತು. ನಾನು ಸ್ಟ್ಯಾಂಡಿನ ಮೇಲೆ ಹಲಗೆಯಿಟ್ಟು ಕಿಟಕಿಯಾಚೆಯ ಕೋಟೆಬೆಟ್ಟವನ್ನು ಬರೆಯುವುದಾಗಿ ಹೇಳಿಕೊಂಡು ಕೂರುತ್ತಿದ್ದೆ. ಕೋಟೆಯ ಒಂದು ಗೋಡೆ ಬಂದಿತ್ತು. ಆಚೆಮನೆಯಾಕೆ ಬಂದು ನೋಡಿ, "ಚಂದೈತ್ರಿ, ಯಾರ ಕಾಂಪೌಂಡ್ರಿ?" ಎಂದು ಕೇಳಿ ಹೋಗಿದ್ದಳು.

ಅಂಥ ಒಂದು ಬೆಳಿಗ್ಗೆ ಓಬಳೇಶಪ್ಪ ಬಂದ. ಕಂಕುಳಲ್ಲಿ ಬಳ್ಳಾರಿಯಿಂದ ಒಗೆಸಿ ಬಂದ ಪ್ಯಾಂಟುಗಳು. ಹಿಂದೆಯೇ ಓಣಿಯ ನಾಲ್ಕು ಹೆಂಗಸರು. ಕೋಣೆಯನ್ನೆಲ್ಲ ಒಮ್ಮೆ ನೋಡಿದ. ನನ್ನ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದ. ಬಡಗಿ ಹಾರಕ್ಕೆಂದು ಹೊಡೆದಿದ್ದ ಮೊಳೆಗೆ ಒಂದು ಪ್ಯಾಂಟನ್ನು ಸೊಂಟಪಟ್ಟಿಯಿಂದ ಸಿಕ್ಕಿಸಿ, ಎರಡು ಕಾಲನ್ನೂ ಬಿಡಿಸಿ ಹರವಿದ.

ಉತ್ತರದ ಬೆಳಕು ಅದರ ಮೇಲೆ ಚೆನ್ನಾಗಿಯೇ ಬೀಳುತ್ತಿತ್ತು. ಒಂದು ಕಾಲು ತಿಳಿಯಾದ ಮುಗಿಲಿನ ಬಣ್ಣ. ಇನ್ನೊಂದು ಮಸಿಯ ಬಣ್ಣ.

"ಏಮ್ಮಾ ತಿಪ್ಪಮ್ಮಾ" ಎಂದ. ಅವನಿಗೆ ಸಿಟ್ಟು ಬಂದರೆ ಮಾತು ತೆಲುಗಿನಲ್ಲಿ ಶುರುವಾಗುತ್ತಿತ್ತು. "ಇದನ್ನ ಯಾರು ತೊಡಬೇಕು? ಈ ಕಾಲಿಗೆ ಅಣ್ಣ, ಆ ಕಾಲಿಗೆ ತಮ್ಮನಾ?"

ಹೆಂಗಸರು ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಒಂದೊಂದೇ ಪ್ಯಾಂಟು ಬಿಡಿಸಿ ನೋಡಿದಳು. ಎದ್ದು ಹೋಗಿ, ಹೊಲಿದು ಮುಗಿದು ಇನ್ನೂ ಒಗೆಯಲು ಹೋಗದಿದ್ದ ಪ್ಯಾಂಟುಗಳ ಕಟ್ಟನ್ನು ತಂದಳು. ಒಗೆದವುಗಳಲ್ಲಿ ಬಳಪ ಹೋಗಿರುತ್ತದೆ, ಇವುಗಳಲ್ಲಿ ಇರುತ್ತದೆ. ಒಳಮೈ ಹೊರಗೆ ಮಾಡಿ ನೋಡಿದಳು. ಈ ಕಾಲಿಗೆ ಏಳು, ಆ ಕಾಲಿಗೆ ಏಳು. ಹೊಲಿದವರದು ತಪ್ಪಿಲ್ಲ.

"ನಾವು ನಂಬರ್ ನೋಡೇ ಹೊಲದೀವಿ ತಿಪ್ಪಕ್ಕಾ" ಎಂದಳು ಒಬ್ಬಳು.

"ಕೈ ಯಾರದು?" ಓಬಳೇಶಪ್ಪ ಕೇಳಿದ. ಕೇಳುವ ದನಿಯಲ್ಲಿ ಸಿಟ್ಟು ಇಳಿದಿತ್ತು. ಬೇರೆ ಯಾರದೋ ಎಂದು ಅವಳು ಹೇಳಲಿ ಎಂದು ಅವನೂ ಕಾಯುತ್ತಿದ್ದ ಅನಿಸುತ್ತದೆ. "ಈ ಅಂಕಿ ನಿನ್ನ ಕೈದೇನಾ?"

ಅಕ್ಕ ಏಳನ್ನು ಬಹಳ ಹೊತ್ತು ನೋಡಿದಳು.

"ನಂದ ರಿ" ಎಂದಳು.

ನಾನು ಅಲ್ಲಿಯೇ ಇದ್ದೆ, ಎರಡು ಮಾರು ದೂರದಲ್ಲಿ. ಕೈಯಲ್ಲಿ ಕುಂಚವಿತ್ತು. ಬಾಯಿ ತೆರೆಯಲಿಲ್ಲ. ತೆರೆಯಲು ಹೊರಟಿದ್ದೆ, ಅಷ್ಟರಲ್ಲಿ ಮೇಸ್ತ್ರಿ ಹೊರಟುಬಿಟ್ಟ ಎಂದು ಒಂದು ಕಾಲದಲ್ಲಿ ನೆನಪಿಟ್ಟುಕೊಂಡಿದ್ದೆ. ಅದು ಸುಳ್ಳು. ಅವನು ನೀರು ಕೇಳಿ, ಕುಡಿದು, ಕೂತು, ಆಮೇಲೆ ಹೋದ.

ಮುಂದಿನ ಲಾಟು ನಂಬರಿಗೆ ನಮ್ಮ ಮನೆಗೆ ಬರಲಿಲ್ಲ. ಓಣಿಯ ಆ ತುದಿಯ ಮನೆಗೆ ಹೋಯಿತು. ಅಲ್ಲಿಂದ ಕಟ್ಟು ಅಕ್ಕನಿಗೂ ಬರತೊಡಗಿತು, ಹೊಲಿಯಲು. ಅವಳು ಕಟ್ಟು ವಾಪಸು ಕೊಟ್ಟಾಗ ಮೇಸ್ತ್ರಿ ಎಲ್ಲರದರಂತೆ ಅವಳದನ್ನೂ ಬಿಚ್ಚಿ ನೋಡುತ್ತಿದ್ದ. ನೋಡುವಾಗ ಅಕ್ಕ ಬೇರೆ ಕಡೆ ತಿರುಗುತ್ತಿದ್ದಳು. ಆರು ತಿಂಗಳಿಗೆ ಓಣಿಯ ಮೂವರು ಹುಡುಗಿಯರ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಳು. ಬಸ್ಸು ಹತ್ತುವಾಗ ನನಗೆ, "ಈಗ ಮನಿ ತುಂಬ ಜಾಗಾತು, ಚಂದಂಗ ಬರಿ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಚೆನ್ನಾಗಿತ್ತು.

ಕೋಟೆಯ ಆ ಗೋಡೆ ಅಷ್ಟಕ್ಕೇ ನಿಂತಿತು.

ಅಕ್ಕ ಹತ್ತು ವರ್ಷ ಅಲ್ಲಿ ದುಡಿದಳು. ಕಣೇಕಲ್ಲಿನವರೊಬ್ಬರು ಅದೇ ಕಾರ್ಖಾನೆಯಲ್ಲಿದ್ದರು, ಅವರನ್ನು ಮದುವೆಯಾದಳು. ಈಗ ಇಬ್ಬರೂ ರಾಯದುರ್ಗಕ್ಕೆ ಮರಳಿದ್ದಾರೆ. ಅಕ್ಕ ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಹೇಳಿಕೊಡುತ್ತಾಳೆ. ಹೋದ ತಿಂಗಳು, ನಾನು ಪೆಟ್ಟಿಗೆ ಕವುಚಿದ ಮೂರನೆಯ ದಿನ, ನಮ್ಮಲ್ಲಿ ನಾಲ್ಕು ದಿನ ಇರಲು ಬಂದಳು.

ಬಂದವಳೇ ಮಹಡಿ ಹತ್ತಿದಳು. ಟೇಬಲ್ಲು ನೋಡಿ ಮುಖ ಅರಳಿತು. ಸೆರಗಿನಿಂದ ಅದರ ಮೈ ಒರೆಸಿದಳು. ರತ್ನ ಚಹಾ ತಂದಳು.

"ರತ್ನಾ, ಈ ಟೇಬಲ್ ಮ್ಯಾಲ ನಾನೊಮ್ಮೆ ಎಂಥಾ ತಪ್ಪು ಮಾಡೀನಿ ಗೊತ್ತೇನವ್ವಾ?"

"ನೀವಾ? ನಿಮ್ಮ ತಮ್ಮ ಮಾಡವ್ರೆ ಅಂದ್ರೆ ನಂಬ್ತೀನಕ್ಕ."

ಇಬ್ಬರೂ ನಕ್ಕರು. ಅಕ್ಕ ಎಲ್ಲವನ್ನೂ ಹೇಳಿದಳು. ಹೊಸ ಹುಡುಗಿಯರು ಬಂದಾಗ ಮೊದಲ ದಿನ ಹೇಳುವ ಪಾಠವೇ ಇದಂತೆ. "ಆ ದಿನ ಮದಿವೀಗೆ ಹೋಗೋ ಅವಸರ. ಎರಡು ಪದರ ಒಂದಕ್ಕೊಂದು ಅಂಟಿಕೊಂಡು ಒಮ್ಮೆಲೆ ಕೈಗೆ ಬಂದಾವ, ನಾನು ನೋಡಿಲ್ಲ. ಅಲ್ಲಿಂದ ಮುಂದ ಎಲ್ಲಾ ಒಂದೊಂದು ನಂಬರು ಆಚೀಚಿ ಆಗ್ಯಾವ. ಈಗೂ ಈ ಬೆರಳಿಗೆ ಗೊತ್ತಾಗ್ತೈತಿ ನೋಡು, ಆ ಎರಡು ಪದರದ ದಪ್ಪ." ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜಿ ತೋರಿಸಿದಳು.

ನಡೆಯದೇ ಇದ್ದದ್ದನ್ನು ಅವಳ ಬೆರಳು ನೆನಪಿಟ್ಟುಕೊಂಡಿತ್ತು. ನೆನಪನ್ನು ನಂಬಬಾರದು ಎಂದು ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನಾನು ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕಂಡಿಲ್ಲ. ಇಪ್ಪತ್ತು ವರ್ಷ ಅವಳು ತನ್ನ ತಪ್ಪನ್ನು ಹುಡುಕಿ ಹುಡುಕಿ, ಸಿಗದೆ, ಕೊನೆಗೆ ಒಂದನ್ನು ತಾನೇ ಹೊಲಿದು ತೊಟ್ಟುಕೊಂಡಿದ್ದಳು.

"ಅಕ್ಕ, ಅದು ನೀನಲ್ಲ. ನಾನು" ಎಂದೆ.

ಹೇಳಿದೆ. ನೀರು, ವಾಲಿದ ಟೇಬಲ್ಲು, ಮಾಳಿಗೆ, ಕಿಟಕಿ, ಎಲ್ಲ. ರತ್ನನ ಕೈಯ ಲೋಟ ಅರ್ಧಕ್ಕೆ ನಿಂತಿತು. ಅಕ್ಕ ಮಾತ್ರ ಮುಗುಳುನಗುತ್ತಾ ಕೇಳಿದಳು.

"ಸುಮ್ನಿರಲೇ. ಅಕ್ಕನ ಮ್ಯಾಲಿನ ತಪ್ಪು ತನ್ನ ಮ್ಯಾಲ ಹಾಕ್ಕೋತಾನ. ಸಣ್ಣಾವಿದ್ದಾಗಿಂದ ಹಂಗ ರತ್ನಾ, ಕರುಳು ಭಾಳ ಇವನಿಗೆ."

"ನಿಜ ಅಕ್ಕ."

"ಅಂಕಿ ನಂದ ಇತ್ತು ತಮ್ಮಾ. ನಾನು ನೋಡೀನಿ, ಓಬಳೇಶಪ್ಪ ನೋಡ್ಯಾನ. ನನ್ನ ಕೈ ನನಗ ಗೊತ್ತಾಗಂಗಿಲ್ಲೇನು?"

ನಾನು ಪೆಟ್ಟಿಗೆಯಿಂದ ಬಳಪ ತೆಗೆದೆ. ಇಷ್ಟು ವರ್ಷದ ಮೇಲೆ ಬರುತ್ತದೋ ಇಲ್ಲವೋ ಎಂಬ ಅನುಮಾನ, ಬರದಿರಲಿ ಎಂಬ ಆಸೆಯೂ ಇದ್ದೀತು. ಕೈಗೆ ಯಾವ ಅನುಮಾನವೂ ಇರಲಿಲ್ಲ. ಟೇಬಲ್ಲಿನ ಮೇಲೆ ಬರೆದೆ. ಏಳು. ಹದಿನಾಲ್ಕು. ಇಪ್ಪತ್ತೊಂಬತ್ತು.

ಅಕ್ಕ ಬಗ್ಗಿದಳು. ಕನ್ನಡಕ ಮೇಲಕ್ಕೇರಿಸಿ ನೋಡಿದಳು. ಒಂಬತ್ತಿನ ಬಾಲದ ಮೇಲೆ, ಮುಟ್ಟದೆ, ಗಾಳಿಯಲ್ಲಿ ಬೆರಳಾಡಿಸಿದಳು. ಆ ಬೆರಳು ಕೊನೆಯಲ್ಲಿ ಚೂರು ಮೇಲಕ್ಕೆದ್ದಿತು.

"ಅವತ್ತ ಯಾಕ ಹೇಳ್ಲಿಲ್ಲ?" ಎಂದಳು. ನನ್ನ ಕಡೆ ನೋಡಲಿಲ್ಲ.

"ಬಣ್ಣ ನೋಡೋ ಕಣ್ಣೈತಿ ಅಂತ ಎಲ್ಲರ ಮುಂದೂ ಹೇಳ್ಕೊಂಡಿದ್ದೆ. ಇಲ್ಲ ಅಂತ ಗೊತ್ತಾಗಿಬಿಡ್ತಿತ್ತು."

"ಅಷ್ಟಕ್ಕ?"

ಅಷ್ಟಕ್ಕೇ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಎಂದು ಎಷ್ಟು ಹುಡುಕಿದ್ದೇನೆ.

ಅವಳು ಕೈ ಚಾಚಿದಳು. ನಾನು ಬಳಪ ಕೊಟ್ಟೆ. "ಇದು ನಂದಲ್ಲೇನು? ಅವತ್ತು ಮನಿಯೆಲ್ಲ ಹುಡುಕೀನಿ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೆಳಗಿಳಿದಳು. ನಾಲ್ಕು ದಿನ ಎಂದು ಬಂದವಳು ನಾಲ್ಕು ದಿನವೇ ಇದ್ದಳು. ರತ್ನನ ಜೊತೆ ಹಪ್ಪಳ ಒತ್ತಿದಳು, ಸಂತೆಗೆ ಹೋಗಿಬಂದಳು, ನನಗೆ ಊಟ ಬಡಿಸಿದಳು. ಮಹಡಿ ಮಾತ್ರ ಹತ್ತಲಿಲ್ಲ.

ಹೋದ ವಾರ ನಾನೇ ಫೋನು ಮಾಡಿದೆ. ಹಿಂದೆ ಮಿಷನ್ನುಗಳ ಸದ್ದು.

"ಹೊಸ ಹುಡುಗ್ಯಾರು ಬಂದಾರ" ಎಂದಳು. "ಪಾಠ ನಡದೈತಿ."

"ಆ ಕತೆ ಹೇಳಿದ್ಯಾ?"

"ಹೇಳಿದೆ. ಒಂದು ಮಾತು ಸೇರಿಸೀನಿ. ಮನ್ಯಾಗಿನೋರು ಎತ್ತಿಟ್ಟಿದ್ರೂ ಎರಡು ನೋಡಿ ಬಿಡಬ್ಯಾಡ್ರಿ, ಎಲ್ಲಾ ತಿರುವಿ ನೋಡ್ರಿ ಅಂತ."

"ಯಾರು ಮಾಡಿದ್ದು ಅಂತ ಹೇಳಿದ್ಯಾ?" ಎಂದೆ.

"ಇಲ್ಲಪ. ಅದನ್ನ ನಾ ಯಾಕ ಹೇಳ್ಲಿ? ಓದಿದಾವ ನೀನು. ನೀನ ಹೇಳ್ಕೋ." ಫೋನು ಇಟ್ಟಳು.

ಅದಕ್ಕೇ ಇವತ್ತು ಮಹಡಿಗೆ ಬಂದು ಕೂತಿದ್ದೇನೆ. ಟೇಬಲ್ಲಿನ ಮೇಲೆ ಆ ಮೂರು ಅಂಕಿ ಹಾಗೇ ಇವೆ. ರತ್ನ ಒರೆಸಲು ಬಂದಾಗ ಬೇಡ ಎಂದೆ. ಅವಕ್ಕೆ ಕೈ ತಗುಲದಂತೆ ಕಾಗದವನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡು ಇಷ್ಟು ಬರೆದೆ. ಈ ಕೋಣೆಗೂ ಒಂದು ಕಿಟಕಿಯಿದೆ. ಅದು ಯಾವ ದಿಕ್ಕಿಗಿದೆ ಎಂದು ನಾನು ನೋಡಿಲ್ಲ. ಬೆಳಕು ಬರುತ್ತದೆ.